ಸಾಮಾಜಿಕ ಉದ್ಯಮದ ಪಿಚ್ ಸ್ಪರ್ಧೆ ನಡೆಸುವವರಿಗೆ: ಮೈಸೂರು, ಮಂಡ್ಯದಲ್ಲಿ ನಾವು ಕಲಿತದ್ದು

ನಮ್ಮ ಕ್ಯಾಂಪಸ್‌ನಲ್ಲಿ ಮೊದಲ ಸಲ ಪಿಚ್ ಸ್ಪರ್ಧೆ, ಅಂದರೆ ತಂಡಗಳು ತಮ್ಮ ಉದ್ಯಮದ ಐಡಿಯಾವನ್ನು ತೀರ್ಪುಗಾರರ ಮುಂದಿಡುವ ಸ್ಪರ್ಧೆ, ನಡೆಸಿದಾಗ ಒಂದು ತಂಡ ಮಂಡ್ಯದ ಬೆಲ್ಲದ ಬಗ್ಗೆ ಮಾತಾಡಿತು. ರಾಸಾಯನಿಕ ಹಾಕದ ಬೆಲ್ಲ, ಚೆಂದದ ಪ್ಯಾಕಿಂಗ್, ಆನ್‌ಲೈನ್ ಮಾರಾಟ. ತೀರ್ಪುಗಾರರೆಲ್ಲ ತಲೆದೂಗಿದರು. ಮೊದಲ ಬಹುಮಾನ ಅವರಿಗೇ ಬಂತು. ತಂಡದ ಒಬ್ಬ ಹುಡುಗನ ದೊಡ್ಡಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದರು. ಪಾಂಡವಪುರದ ಕಡೆ ಅವರದ್ದೇ ಆಲೆಮನೆ ಇದೆ. ಊಟದ ಹೊತ್ತಿಗೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸಾರ್, ಬಣ್ಣ ತಿಳಿ ಮಾಡೋ ಹೈಡ್ರೋಸ್ ಪುಡಿ ಹಾಕದಿದ್ರೆ ಬೆಲ್ಲ ಕಪ್ಪಾಗುತ್ತೆ. ಕಪ್ಪು ಬೆಲ್ಲಕ್ಕೆ ಮಾರ್ಕೆಟ್ಟಲ್ಲಿ ದರ ಬೀಳುತ್ತೆ. ಆ ಕಮ್ಮಿ ಬಿದ್ದ ದುಡ್ಡು ಯಾರು ಕೊಡ್ತಾರೆ?"

ಇಡೀ ದಿನದಲ್ಲಿ ಕೇಳಬೇಕಿದ್ದ ಪ್ರಶ್ನೆ ಅದೊಂದೇ. ವೇದಿಕೆಯ ಮೇಲೆ ಯಾರೂ ಅದನ್ನು ಕೇಳಲಿಲ್ಲ. ಆ ಹುಡುಗನೂ ತನ್ನ ದೊಡ್ಡಪ್ಪನನ್ನು ಕೇಳಿರಲಿಲ್ಲ. ಯಾಕೆಂದರೆ ನಾವು ಅವನಿಗೆ ಸ್ಲೈಡ್ ಮಾಡಲು ಹೇಳಿದ್ದೆವು, ಆಲೆಮನೆಗೆ ಹೋಗಲು ಹೇಳಿರಲಿಲ್ಲ.

ಅಂದಿನಿಂದ ನಮ್ಮ ಸ್ಪರ್ಧೆಯ ರೂಪವೇ ಬದಲಾಯಿತು. ತೊಂದರೆ ಯಾರದ್ದೋ ಅವರು ಸ್ಪರ್ಧೆಯ ಒಳಗೆ ಇರಬೇಕು. ಮೊದಲ ವಾರದಿಂದ ಕೊನೆಯ ಪ್ರಶ್ನೆಯವರೆಗೂ ಇರಬೇಕು. ಕೆಳಗೆ ಬರೆದಿರುವುದೆಲ್ಲ ಅದನ್ನು ಸಾಧ್ಯ ಮಾಡುವ ದಾರಿ. ನೀವು ಅಧ್ಯಾಪಕರಾಗಿರಲಿ, ಇ-ಸೆಲ್ (ಕಾಲೇಜಿನ ಉದ್ಯಮಶೀಲತಾ ಕೂಟ) ನಡೆಸುವ ವಿದ್ಯಾರ್ಥಿಯಾಗಿರಲಿ, ಹತ್ತು ವಾರ ಕೈಯಲ್ಲಿದ್ದರೆ ಸಾಕು.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳಿ

ಸಾಮಾಜಿಕ ಉದ್ಯಮ ಅಂದರೆ ಏನು ಎಂದು ಸಂಘಟಕರಲ್ಲೇ ಗೊಂದಲ ಇರುತ್ತದೆ. ಅರ್ಧ ಅರ್ಜಿಗಳು ದಾನದ ಕೆಲಸವಾಗಿರುತ್ತವೆ, ಉಳಿದವು ಸುಮ್ನೆ ಒಂದು ಆ್ಯಪ್. ಜನರ ಒಂದು ತೊಂದರೆ ನೀಗಿಸುತ್ತ, ದಾನಕ್ಕೆ ಕಾಯದೆ ತನ್ನ ದುಡಿಮೆಯಲ್ಲೇ ನಿಲ್ಲುವ ಕೆಲಸ ಅದು. ನಾನು ವಿದ್ಯಾರ್ಥಿಗಳಿಗೆ ಊರಿನ ಡೇರಿಯನ್ನು ತೋರಿಸುತ್ತೇನೆ. ಬೆಳಿಗ್ಗೆ, ಸಂಜೆ ಹಾಲು ಹಾಕುತ್ತಾರೆ. ಜಿಡ್ಡಿನ ಅಂಶ ನೋಡಿ ದರ ಕಟ್ಟುತ್ತಾರೆ. ದುಡ್ಡು ಹಾಲು ಹಾಕಿದವರಿಗೆ ಬರುತ್ತದೆ, ಸಂಘವೂ ತನ್ನ ಕಾಲ ಮೇಲೆ ನಿಂತಿರುತ್ತದೆ. ಒಂದೇ ಹಸು ಇರುವ ಮನೆಗೂ ಅಲ್ಲಿ ಜಾಗವಿದೆ. ಮಂಡ್ಯದ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾಗಿಲ್ಲ. ನಮ್ಮ ನಾಡಿಗೆ ಇದು ಹೊಸದೂ ಅಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಶುರುವಾದದ್ದು 1905ರಲ್ಲಿ.

ಇನ್ನೊಂದು ಉದಾಹರಣೆ ಸೆಲ್ಕೋ. ಹರೀಶ್ ಹಂದೆ ಅವರು 1995ರಲ್ಲಿ ಕಟ್ಟಿದ ಸೌರ ದೀಪದ ಕಂಪನಿ. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಆದರೆ ಆಗುತ್ತದೆ ಎಂದು ಬೀದಿ ಬದಿಯ ವ್ಯಾಪಾರಿಯೊಬ್ಬರು ಹೇಳಿದ್ದನ್ನು ಅವರು ನೆನೆಯುತ್ತಾರೆ. ಲೆಕ್ಕ ಒಂದೇ. ಆದರೆ ದಿನಗೂಲಿಯ ಬದುಕಿಗೆ ಎರಡನೆಯದು ಹೊಂದುತ್ತದೆ. ಈ ಕಥೆಯನ್ನು ಮೊದಲ ಸಭೆಯಲ್ಲೇ ಹೇಳಿ. ಗಿರಾಕಿಯ ದುಡ್ಡು ಯಾವಾಗ ಕೈಗೆ ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಆಮೇಲೆ ಎಲ್ಲ ಕಡೆ ಗಮನಿಸತೊಡಗುತ್ತಾರೆ.

ಅರ್ಜಿಯಲ್ಲಿ ಮೂರೇ ಪ್ರಶ್ನೆ ಇಡಿ. ಯಾರ ತೊಂದರೆ? ಈಗ ಅವರು ಅದಕ್ಕೆ ಏನು ಮಾಡಿಕೊಳ್ಳುತ್ತಿದ್ದಾರೆ? ದುಡ್ಡು ಯಾರು ಕೊಡುತ್ತಾರೆ? ಒಂದು ಪುಟ ಸಾಕು. ಕೈಬರಹದಲ್ಲಿ ಬರೆದು ಫೋಟೋ ತೆಗೆದು ಕಳಿಸಿದರೂ ತೆಗೆದುಕೊಳ್ಳಿ.

ಹತ್ತು ವಾರ ಮೊದಲು: ದಿನಾಂಕ, ಅನುಮತಿ, ದುಡ್ಡು

ದಿನಾಂಕ ಗೊತ್ತು ಮಾಡುವ ಮುಂಚೆ ಶೈಕ್ಷಣಿಕ ವೇಳಾಪಟ್ಟಿ ಮುಂದಿಟ್ಟುಕೊಳ್ಳಿ. ಇಂಟರ್ನಲ್ಸ್ ವಾರ ಬೇಡ. ಮೈಸೂರಲ್ಲಿ ದಸರಾ ಹತ್ತಿರದ ದಿನಗಳಂತೂ ಬೇಡವೇ ಬೇಡ. ಹೊರಗಿನ ತೀರ್ಪುಗಾರರಿಗೆ ರೂಮು ಸಿಗಲ್ಲ, ಬಸ್ಸು ಸಿಗಲ್ಲ, ನಿಮ್ಮ ಸ್ವಯಂಸೇವಕರು ಅರ್ಧ ಜನ ಊರಿಗೆ ಹೋಗಿರುತ್ತಾರೆ.

ಅನುಮತಿ ಪತ್ರದಲ್ಲಿ ಹಾಲ್ ಒಂದನ್ನೇ ಕೇಳಿ ಸುಮ್ಮನಾಗಬೇಡಿ. ವಿದ್ಯಾರ್ಥಿಗಳು ಊರೂರು ಸುತ್ತುವ ದಿನಗಳಿಗೂ ಹಾಜರಾತಿ ಕೇಳಿ. ಇದು ಮುಖ್ಯ. ಹಾಜರಾತಿ ಇಲ್ಲ ಅಂದರೆ ತಂಡಗಳು ಕ್ಯಾಂಪಸ್ ಬಿಟ್ಟು ಹೊರಡುವುದಿಲ್ಲ, ಕ್ಯಾಂಟೀನಿನಲ್ಲಿ ಕೂತು ಫಾರಂ ತುಂಬುತ್ತವೆ. ಪತ್ರ ವಿಭಾಗದ ಮುಖ್ಯಸ್ಥರಿಂದ ಕುಲಸಚಿವರವರೆಗೂ ಹೋಗಿ ಬರಲು ಎರಡು, ಮೂರು ವಾರ ಹಿಡಿಯುತ್ತದೆ. ಬಹುಮಾನದ ಹಣ ಯಾರ ಖಾತೆಗೆ ಹೋಗುತ್ತದೆ, ತೆರಿಗೆ ಕಡಿತ ಇದೆಯಾ, ರಸೀದಿ ಯಾವ ರೂಪದಲ್ಲಿ ಬೇಕು ಎಂಬುದನ್ನೂ ಹಣಕಾಸು ವಿಭಾಗದಲ್ಲಿ ಆಗಲೇ ಕೇಳಿ ಬರೆದಿಟ್ಟುಕೊಳ್ಳಿ. ಬಹುಮಾನ ಘೋಷಿಸಿ ಆರು ತಿಂಗಳಾದರೂ ಚೆಕ್ ಸಿಗದ ತಂಡವನ್ನು ನಾನು ನೋಡಿದ್ದೇನೆ. ಆ ಮಕ್ಕಳ ಉತ್ಸಾಹವೆಲ್ಲ ಕಚೇರಿಗೆ ಅಲೆಯುವುದರಲ್ಲೇ ಮುಗಿಯಿತು.

ಈಗ ದುಡ್ಡು. 60,000 ರೂಪಾಯಿ ಇದೆ ಅಂದುಕೊಳ್ಳಿ. ನಾನಾದರೆ ಹೀಗೆ ಹಂಚುತ್ತೇನೆ. 20 ತಂಡಗಳ ಓಡಾಟಕ್ಕೆ ತಲಾ 600ರಂತೆ 12,000. ಕೊನೆಯ ದಿನ 120 ಜನರ ಊಟ, ತಿಂಡಿಗೆ 12,000. ಊರುಗಳಿಂದ ಬರುವ ಆರು ಜನರಿಗೆ ತಲಾ 1,000ದಂತೆ 6,000. ಬ್ಯಾನರ್, ಮುದ್ರಣಕ್ಕೆ 3,000. ಬಹುಮಾನಕ್ಕೆ 25,000. ಕೈಯಲ್ಲಿ 2,000 ಇರಲಿ.

ಓಡಾಟದ ಹಣ ಯಾಕೆ ಇಷ್ಟು ಎಂದು ನಿಮ್ಮನ್ನು ಕೇಳುತ್ತಾರೆ. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಖರ್ಚಿಲ್ಲ, ನಿಜ. ಆದರೆ ಹುಡುಗರ ಬಸ್ ಚಾರ್ಜು, ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ಆಟೋ, ಮಧ್ಯಾಹ್ನದ ಊಟ ಎಲ್ಲ ಸೇರಿದರೆ 600 ಜಾಸ್ತಿ ಏನಲ್ಲ. ಊರಿನವರಿಗೆ ಕೊಡುವ 1,000 ರೂಪಾಯಿಯಂತೂ ತೀರ ಅಗತ್ಯ. ತೀರ್ಪುಗಾರರಿಗೆ ಶಾಲು, ಹಾರ, ಕಾರು ಎಲ್ಲ ಕೊಡುತ್ತೇವೆ. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಬರೀ ಧನ್ಯವಾದ ಹೇಳಿ ಕಳಿಸುವುದು ಸರಿಯಲ್ಲ, ಅಲ್ವಾ?

ಪ್ರಾಯೋಜಕರನ್ನು ಹುಡುಕುವಾಗ ಒಂದು ವಿಷಯ ತಿಳಿದಿರಲಿ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಆ ಸಿಎಸ್‌ಆರ್ ಹಣ ಕೊಡಿ ಎಂದು ಎಲ್ಲರೂ ಪತ್ರ ಬರೆಯುತ್ತಾರೆ. ಆದರೆ ಒಂದು ದಿನದ ಕಾರ್ಯಕ್ರಮ, ಪ್ರಶಸ್ತಿ, ಪ್ರಾಯೋಜನೆ ಇವು ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಕೇಂದ್ರ ಸರ್ಕಾರ 2014ರಲ್ಲೇ ಸ್ಪಷ್ಟ ಮಾಡಿದೆ. ಹಾಗಾಗಿ "ಸ್ಪರ್ಧೆಗೆ ಪ್ರಾಯೋಜಕರಾಗಿ" ಎಂದು ಕೇಳುವುದಾದರೆ ಅವರ ಪ್ರಚಾರದ ಬಜೆಟ್‌ನಿಂದ ಕೇಳಿ. ಸಿಎಸ್‌ಆರ್ ಬೇಕಿದ್ದರೆ ಇಡೀ ವರ್ಷದ ತರಬೇತಿಯ ಯೋಜನೆಯನ್ನು ಬರೆದು ಒಯ್ಯಿರಿ. ಎರಡರಲ್ಲಿ ಯಾವ ಹಣ ಬಂದರೂ, ದುಡ್ಡು ಕೊಟ್ಟವರು ತೀರ್ಪುಗಾರರ ಕುರ್ಚಿಯಲ್ಲಿ ಕೂರಬಾರದು. ಇದನ್ನು ಮೊದಲ ಮಾತುಕತೆಯಲ್ಲೇ ಹೇಳಿಬಿಡಿ.

ಎಂಟು ವಾರ ಮೊದಲು: ಕರೆ ಕೊಡುವುದು

ಪೋಸ್ಟರ್ ಕನ್ನಡದಲ್ಲಿರಲಿ. ಎಂಬಿಎ, ಎಂಜಿನಿಯರಿಂಗ್ ವಿಭಾಗಗಳಿಗೆ ಹೇಗೂ ಸುದ್ದಿ ಮುಟ್ಟುತ್ತದೆ. ಸಮಾಜಕಾರ್ಯ, ಗೃಹವಿಜ್ಞಾನ, ಕನ್ನಡ, ಅರ್ಥಶಾಸ್ತ್ರ ಓದುವವರ ತರಗತಿಗೆ ನೀವೇ ಹೋಗಿ ಐದು ನಿಮಿಷ ಮಾತಾಡಿ. ಹಾಸ್ಟೆಲ್‌ಗಳಿಗೆ ಹೋಗಿ. ನಾಗಮಂಗಲ, ಮಳವಳ್ಳಿ, ಎಚ್.ಡಿ. ಕೋಟೆ, ಕೆ.ಆರ್. ಪೇಟೆಯಿಂದ ಬಂದ ಮಕ್ಕಳು ಅಲ್ಲಿರುತ್ತಾರೆ. ತೊಂದರೆಗಳನ್ನು ಹತ್ತಿರದಿಂದ ನೋಡಿದವರು ಅವರೇ. "ನಮಗೆ ಇಂಗ್ಲಿಷ್ ಬರಲ್ಲ ಸಾರ್" ಎಂದು ಹಿಂದೆ ಸರಿಯುವವರೂ ಅವರೇ. ಕನ್ನಡದಲ್ಲಿ ಪಿಚ್ ಮಾಡಬಹುದು, ಅದಕ್ಕೆ ಒಂದು ಅಂಕವೂ ಕಡಿತವಿಲ್ಲ ಎಂದು ಪೋಸ್ಟರಿನ ಮೇಲೇ ದಪ್ಪಕ್ಷರದಲ್ಲಿ ಹಾಕಿ. ಪ್ರತಿ ತಂಡದಲ್ಲಿ ಕನಿಷ್ಠ ಎರಡು ವಿಭಾಗದವರು ಇರಲಿ ಎಂಬ ನಿಯಮವೂ ಒಳ್ಳೆಯದು. ಲೆಕ್ಕ ಬರುವವರು, ಜನರ ಜತೆ ಮಾತಾಡಲು ಬರುವವರು ಆಗ ಒಂದೇ ತಂಡದಲ್ಲಿ ಸೇರುತ್ತಾರೆ.

ಅರ್ಜಿಯಲ್ಲಿ ಎರಡು ಸಾಲು ಸೇರಿಸುವುದನ್ನು ಮರೆಯಬೇಡಿ. ಒಂದು, ಐಡಿಯಾ ತಂಡದ್ದೇ, ವಿಶ್ವವಿದ್ಯಾಲಯದ್ದಲ್ಲ. ಎರಡು, ಊರಿನವರ ಫೋಟೋ, ಹೆಸರು ಬಳಸುವ ಮುಂಚೆ ಅವರನ್ನು ಕೇಳಬೇಕು.

ಏಳರಿಂದ ನಾಲ್ಕು ವಾರ ಮೊದಲು: ಹೊರಗೆ ಕಳಿಸಿ

ಸ್ಪರ್ಧೆಯ ಜೀವ ಇಲ್ಲಿದೆ. ಈ ಭಾಗಕ್ಕೆ ಸಮಯ ಕೊಡಲು ಆಗದಿದ್ದರೆ ಈ ವರ್ಷ ಸ್ಪರ್ಧೆಯನ್ನು ಮುಂದಕ್ಕೆ ಹಾಕಿ ಎಂದೇ ನಾನು ಹೇಳುತ್ತೇನೆ.

ನಿಯಮ ಸರಳ. ಪ್ರತಿ ತಂಡ ಕನಿಷ್ಠ 15 ಜನರನ್ನು ಭೇಟಿ ಮಾಡಬೇಕು. ಅದರಲ್ಲಿ 10 ಮಂದಿ ಆ ತೊಂದರೆ ಅನುಭವಿಸುತ್ತಿರುವವರು. ಉಳಿದ ಐವರು ಅವರಿಗೆ ಮಾರುವವರು, ಅವರಿಂದ ಕೊಳ್ಳುವವರು, ಸಾಲ ಕೊಡುವವರು, ಕಚೇರಿಯಲ್ಲಿ ಅವರ ಕೆಲಸ ನೋಡುವವರು. ಒಂದು ಮಾಮೂಲಿ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆಯಬೇಕು. ಆ ನೋಟ್‌ಬುಕ್ ಇಲ್ಲದೆ ಕೊನೆಯ ಸುತ್ತಿಗೆ ಪ್ರವೇಶವಿಲ್ಲ.

ಹೊರಡುವ ಮುಂಚೆ ಅರ್ಧ ದಿನ ಕೂರಿಸಿ ಮಾತಾಡುವುದನ್ನು ಕಲಿಸಿ. "ನಾವು ಹೀಗೊಂದು ಮಾಡಿದ್ರೆ ನೀವು ಕೊಳ್ತೀರಾ?" ಎಂದು ಕೇಳಬಾರದು. ಮನೆ ಬಾಗಿಲಿಗೆ ಬಂದ ಓದೋ ಮಕ್ಕಳಿಗೆ ಇಲ್ಲ ಅನ್ನಲು ನಮ್ಮ ಕಡೆ ಯಾರಿಗೂ ಮನಸ್ಸು ಬರುವುದಿಲ್ಲ. "ಕೊಳ್ತೀವಿ ಮಗ, ಕಾಫಿ ಕುಡಿ" ಅನ್ನುತ್ತಾರೆ. ಅದನ್ನು ತಂಡದವರು ಮಾರುಕಟ್ಟೆ ಸಮೀಕ್ಷೆ ಎಂದು ಸ್ಲೈಡಿಗೆ ಹಾಕುತ್ತಾರೆ. ಅದರ ಬದಲು ಹೀಗೆ ಕೇಳಲಿ: "ಹೋದ ಸಲ ಹೀಗಾದಾಗ ಏನು ಮಾಡಿದ್ರಿ? ಎಷ್ಟು ಖರ್ಚಾಯ್ತು? ಆ ದುಡ್ಡು ಎಲ್ಲಿಂದ ತಂದ್ರಿ?" ನಡೆದದ್ದನ್ನು ಕೇಳಿದರೆ ನಿಜ ಬರುತ್ತದೆ.

ಹೊತ್ತು ನೋಡಿ ಹೋಗುವುದನ್ನೂ ಹೇಳಿಕೊಡಿ. ಡೇರಿಗೆ ಹಾಲು ಹಾಕುವ ಹೊತ್ತಲ್ಲಿ ಯಾರೂ ನಿಂತು ಮಾತಾಡುವುದಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುವಾಗ ಕಣ್ಣು ಅತ್ತಿತ್ತ ಆಡಿಸುವ ಹಾಗಿಲ್ಲ. ಸ್ತ್ರೀಶಕ್ತಿ ಸಂಘದವರು ಸಭೆ ಸೇರುವ ದಿನ ಹೋದರೆ ಹದಿನೈದು ಜನ ಒಟ್ಟಿಗೇ ಸಿಗುತ್ತಾರೆ, ಆದರೆ ಗುಂಪಿನಲ್ಲಿ ಸಾಲದ ಮಾತು ಯಾರೂ ಎತ್ತುವುದಿಲ್ಲ. ಅದಕ್ಕೆ ಒಬ್ಬೊಬ್ಬರನ್ನೇ ಮತ್ತೆ ಕಾಣಬೇಕು. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮೊದಲೇ ವಿಚಾರಿಸಿಕೊಂಡಿರಬೇಕು.

ಒಂದು ಉದಾಹರಣೆ ಹೇಳುತ್ತೇನೆ. ದೇವರಾಜ ಮಾರುಕಟ್ಟೆ, ದೇವಸ್ಥಾನಗಳ ಬಾಡಿದ ಹೂವಿನಿಂದ ಊದುಬತ್ತಿ ಮಾಡುತ್ತೇವೆ ಎಂದು ಪ್ರತಿ ವರ್ಷ ಒಂದಾದರೂ ತಂಡ ಬರುತ್ತದೆ. ಮೈಸೂರು ಊದುಬತ್ತಿಯ ಊರು, ಐಡಿಯಾ ಸಹಜವೇ. ಕಾಗದದ ಮೇಲೆ ಕಚ್ಚಾ ಮಾಲು ಬಿಟ್ಟಿ. ಹೋಗಿ ನೋಡಿದರೆ ಹೂವಿನ ಜತೆ ದಾರ, ಪ್ಲಾಸ್ಟಿಕ್, ಬಾಳೆಎಲೆ ಎಲ್ಲ ಬೆರೆತಿರುತ್ತದೆ. ಬೇರೆ ಮಾಡುವುದಕ್ಕೆ ಕೈ ಬೇಕು. ಆ ಕೈಗೆ ಕೂಲಿ ಬೇಕು. ಮಳೆಗಾಲದಲ್ಲಿ ಒಣಗುವುದಿಲ್ಲ. ಮನೆಯಲ್ಲಿ ಕೂತು ಬತ್ತಿ ಹೊಸೆಯುವ ಹೆಂಗಸರಿಗೆ ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ ಸಿಗುತ್ತದೆ. ಹೂವಿನ ಪುಡಿಯಲ್ಲಿ ಹೊಸೆಯುವುದು ನಿಧಾನವಾದರೆ ಅವರ ದಿನದ ದುಡಿಮೆ ಕಮ್ಮಿಯಾಗುತ್ತದೆ. ಒಂದು ತಂಡ ಇದನ್ನೆಲ್ಲ ನೋಡಿ ಬಂದು ಊದುಬತ್ತಿಯನ್ನೇ ಕೈಬಿಟ್ಟಿತು. ಹೂವಿನ ಅಂಗಡಿಗಳಲ್ಲೇ ದಾರ, ಪ್ಲಾಸ್ಟಿಕ್ ಬೇರೆ ಮಾಡಿಸಿ ಗೊಬ್ಬರಕ್ಕೆ ಕಳಿಸುವ ಸಣ್ಣ ಕೆಲಸ ಹಿಡಿಯಿತು. ನನಗೆ ಅದು ಆ ವರ್ಷದ ಅತಿ ಒಳ್ಳೆ ಪಿಚ್ ಆಗಿತ್ತು.

ಮಾರ್ಗದರ್ಶನಕ್ಕೆ ನಮ್ಮ ಸುತ್ತಮುತ್ತಲೇ ಬೇಕಾದಷ್ಟು ಜನ ಇದ್ದಾರೆ. ಆಹಾರದ ಐಡಿಯಾ ಇದ್ದರೆ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಇರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಮಾತು, ಶ್ರವಣಕ್ಕೆ ಸಂಬಂಧಿಸಿದ್ದಾದರೆ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಕಬ್ಬು, ಬೆಲ್ಲ, ಭತ್ತಕ್ಕೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ. ಕಾಡಂಚಿನ ಆದಿವಾಸಿ ಹಾಡಿಗಳ ಆರೋಗ್ಯ, ಶಿಕ್ಷಣದ ವಿಷಯ ಎತ್ತಿಕೊಂಡವರು, 1984ರಿಂದ ಎಚ್.ಡಿ. ಕೋಟೆ, ಸರಗೂರು ಭಾಗದಲ್ಲಿ ಕೆಲಸ ಮಾಡುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರನ್ನು ಕಾಣದೆ ಮುಂದೆ ಹೋಗಬಾರದು. ಜಿಲ್ಲಾ ಕೈಗಾರಿಕಾ ಕೇಂದ್ರದವರು ಸಾಲ, ಸಬ್ಸಿಡಿ ವಿಷಯ ತಿಳಿಸುತ್ತಾರೆ. ಮೊದಲೇ ಪತ್ರ ಬರೆದು, ಎರಡೇ ಸ್ಪಷ್ಟ ಪ್ರಶ್ನೆ ಇಟ್ಟುಕೊಂಡು ಹೋದರೆ ಸಾಮಾನ್ಯವಾಗಿ ಸಮಯ ಕೊಡುತ್ತಾರೆ.

ಮೂರು ವಾರ ಮೊದಲು: ಲೆಕ್ಕದ ಸುತ್ತು

ಇಲ್ಲಿ ಸ್ಲೈಡ್ ಇಲ್ಲ, ಮೈಕ್ ಇಲ್ಲ. ಪ್ರತಿ ತಂಡ ನೋಟ್‌ಬುಕ್ ಮತ್ತು ಒಂದು ಹಾಳೆ ಲೆಕ್ಕ ಹಿಡಿದು ಒಬ್ಬ ವಾಣಿಜ್ಯ ಅಧ್ಯಾಪಕರ ಮುಂದೆ, ಒಬ್ಬ ಸಣ್ಣ ವ್ಯಾಪಾರಸ್ಥರ ಮುಂದೆ ಕೂರುತ್ತದೆ. ಒಂದು ತಂಡಕ್ಕೆ 20 ನಿಮಿಷ. ಒಂದು ಕೆಜಿ, ಒಂದು ಪೀಸು, ಒಂದು ಸೇವೆ ಎಷ್ಟಕ್ಕೆ ಬೀಳುತ್ತದೆ? ಎಷ್ಟಕ್ಕೆ ಮಾರುತ್ತೀರಿ? ನಿಮ್ಮ ಸ್ವಂತ ದುಡಿಮೆಗೆ ಎಷ್ಟು ಹಾಕಿಕೊಂಡಿದ್ದೀರಿ? ಕೊನೆಯ ಪ್ರಶ್ನೆಗೆ ಜಾಸ್ತಿ ತಂಡಗಳು ಸೊನ್ನೆ ಬರೆದಿರುತ್ತವೆ. ಡಿಗ್ರಿ ಮುಗಿದು ಮನೆಯಲ್ಲಿ ಸಂಬಳ ಕೇಳಿದ ದಿನ ಅಂಥ ಉದ್ಯಮ ನಿಂತುಹೋಗುತ್ತದೆ. ಅದನ್ನು ಇಲ್ಲೇ ಸರಿ ಮಾಡಿಸಿ. 20 ತಂಡಗಳಲ್ಲಿ 8 ಕೊನೆಯ ಸುತ್ತಿಗೆ. ಉಳಿದವರಿಗೆ ಯಾಕೆ ಬರಲಿಲ್ಲ ಎಂದು ನಾಲ್ಕು ಸಾಲು ಬರೆದು ಕೊಡಿ.

ನೋಂದಣಿ ಮಾಡಿಸಿಕೊಂಡು ಬನ್ನಿ ಎಂದು ಈ ಹಂತದಲ್ಲಿ ಒತ್ತಾಯ ಬೇಡ. ಲಾಭ ಹಂಚಿಕೊಳ್ಳದ ಸೆಕ್ಷನ್ 8 ಕಂಪನಿ, ಸೌಹಾರ್ದ ಸಹಕಾರಿ, ಕನಿಷ್ಠ ಹತ್ತು ರೈತರು ಸೇರಿ ಕಟ್ಟುವ ಉತ್ಪಾದಕರ ಕಂಪನಿ, ಹೀಗೆ ದಾರಿಗಳಿವೆ ಎಂದು ಗೊತ್ತಿದ್ದರೆ ಸಾಕು. ತಿನ್ನುವ ಪದಾರ್ಥ ಮಾರುವವರು ಮಾತ್ರ ಮೊದಲ ದಿನದಿಂದಲೇ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಬೇಕು.

ತೀರ್ಪುಗಾರರು ಮತ್ತು ಅಂಕಗಳು

ಐದು ಜನ ಇರಲಿ. ಒಬ್ಬರು ಉದ್ಯಮ ಕಟ್ಟಿದವರು, ಒಬ್ಬರು ಬ್ಯಾಂಕಿನವರು, ಒಬ್ಬರು ಹಳ್ಳಿಗಳಲ್ಲಿ ಕೆಲಸ ಮಾಡಿದವರು. ಉಳಿದ ಇಬ್ಬರು ಆ ತೊಂದರೆಗಳ ಮಧ್ಯೆ ಬದುಕುತ್ತಿರುವವರು: ಆಲೆಮನೆ ನಡೆಸುವವರು, ಸಂಘದ ಪ್ರತಿನಿಧಿ, ಪೌರಕಾರ್ಮಿಕರು, ಅಂಗವಿಕಲರ ಸಂಘದವರು. ಇವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ "ಅನಿಸಿಕೆ" ಕೇಳುವುದಲ್ಲ. ಅಂಕದ ಹಾಳೆ ಅವರ ಕೈಯಲ್ಲೂ ಇರಬೇಕು. ಬರೆಯಲು ಕಷ್ಟ ಅಂದರೆ ಒಬ್ಬ ಸ್ವಯಂಸೇವಕ ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಬರೆಯಲಿ.

ಅಂಕ ನೂರಕ್ಕೆ ಹೀಗೆ: ತೊಂದರೆಯನ್ನು ಎಷ್ಟು ಆಳವಾಗಿ ತಿಳಿದಿದ್ದಾರೆ, 30. ದುಡ್ಡಿನ ಲೆಕ್ಕ ನಿಲ್ಲುತ್ತದೆಯಾ, 25. ಆರು ತಿಂಗಳಲ್ಲಿ ಏನು ಬದಲಾಗುತ್ತದೆ, ಅದನ್ನು ಹೇಗೆ ಎಣಿಸುತ್ತಾರೆ, 20. ಈ ತಂಡದ ಕೈಯಲ್ಲಿ ಆಗುತ್ತದೆಯಾ, 15. ಮಾತಾಡಿದ ರೀತಿ, 10. ಮಾತಿಗೆ ಹತ್ತೇ ಇಟ್ಟದ್ದು ಬೇಕೆಂದೇ. ಚೆನ್ನಾಗಿ ಮಾತಾಡುವವರು ಪ್ರಶ್ನೋತ್ತರದಲ್ಲಿ ಹೇಗೂ ಗೆಲ್ಲುತ್ತಾರೆ.

ತೀರ್ಪುಗಾರರಿಗೆ ಅರ್ಧ ಗಂಟೆ ಮೊದಲೇ ಬರಲು ಹೇಳಿ ಈ ಹಾಳೆಯನ್ನು ಒಟ್ಟಿಗೆ ಓದಿ. ತಮ್ಮ ವಿದ್ಯಾರ್ಥಿ, ಬಂಧು ಇರುವ ತಂಡಕ್ಕೆ ಅವರು ಅಂಕ ಹಾಕಬಾರದು.

ಆ ದಿನ

ದೊಡ್ಡ ಆಡಿಟೋರಿಯಂ ಬೇಡ. 120 ಜನ ಹಿಡಿಸುವ ಸೆಮಿನಾರ್ ಹಾಲ್ ಒಳ್ಳೆಯದು, ಮುಖ ಕಾಣುತ್ತದೆ. ಊರಿಂದ ಬಂದವರಿಗೆ ಮುಂದಿನ ಸಾಲು. ಕರೆಂಟ್ ಹೋದರೆ ಏನು ಎಂದು ಹಿಂದಿನ ದಿನವೇ ಪರೀಕ್ಷೆ ಮಾಡಿ.

ಉದ್ಘಾಟನೆಗೆ 15 ನಿಮಿಷ, ಅಷ್ಟೇ. ನಾಡಗೀತೆಗೆ ಎರಡೂವರೆ ನಿಮಿಷ, ದೀಪ, ಎರಡು ಮಾತು. ಅತಿಥಿಗಳ ಭಾಷಣ ಒಂದೂವರೆ ಗಂಟೆ ನಡೆದು ತಂಡಗಳಿಗೆ ತಲಾ ಮೂರು ನಿಮಿಷ ಉಳಿದದ್ದನ್ನು ನಾನು ಕಂಡಿದ್ದೇನೆ. ವಾರಗಟ್ಟಲೆ ಊರೂರು ಸುತ್ತಿದ ಮಕ್ಕಳಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಆಹ್ವಾನ ಪತ್ರದಲ್ಲೇ ನಿಮಿಷಗಳನ್ನು ಅಚ್ಚು ಹಾಕಿಸಿ. ಆಗ ಯಾರಿಗೂ ಬೇಸರವಾಗುವುದಿಲ್ಲ.

ಒಂದು ತಂಡಕ್ಕೆ 5 ನಿಮಿಷ ಮಾತು, 7 ನಿಮಿಷ ಪ್ರಶ್ನೆ, ಮುಂದಿನವರು ಬರಲು 3 ನಿಮಿಷ. ಎಂಟು ತಂಡಕ್ಕೆ ಎರಡು ಗಂಟೆ. ಸ್ಲೈಡ್ ಐದಕ್ಕಿಂತ ಜಾಸ್ತಿ ಬೇಡ. ಮೊದಲ ಪ್ರಶ್ನೆ ಯಾವಾಗಲೂ ಊರಿನ ತೀರ್ಪುಗಾರರದ್ದೇ ಆಗಿರಲಿ. ಪ್ರೊಫೆಸರ್ ಒಬ್ಬರು ಮೊದಲು ಮಾತಾಡಿಬಿಟ್ಟರೆ ಊರಿನವರು ಆಮೇಲೆ ಬಾಯಿ ಬಿಡುವುದಿಲ್ಲ. ಇದನ್ನು ನಾವು ಎರಡನೇ ವರ್ಷ ಕಲಿತೆವು.

ಊಟ ಎಲ್ಲರಿಗೂ ಒಂದೇ ಕಡೆ, ಒಂದೇ ಬಗೆ. ಮುದ್ದೆ, ಸೊಪ್ಪಿನ ಸಾರು ಇದ್ದರೆ ಇನ್ನೂ ಸಂತೋಷ. ತೀರ್ಪುಗಾರರಿಗೆ ಬೇರೆ ಕೋಣೆ ಮಾಡಬೇಡಿ. ಆ ಊಟದ ಸಾಲಿನಲ್ಲಿ ಬ್ಯಾಂಕಿನವರು, ಸಂಘದ ಪ್ರತಿನಿಧಿ, ವಿದ್ಯಾರ್ಥಿ ಮೂವರೂ ಮಾತಿಗೆ ಕೂತದ್ದರಿಂದಲೇ ಒಂದು ತಂಡದ ಮೊದಲ ಆರ್ಡರ್ ಹುಟ್ಟಿತ್ತು.

ಬಹುಮಾನದ ಆಚೆ

25,000ವನ್ನು ಒಂದೇ ಸಲ ಕೊಡಬೇಡಿ. ಮೂವರು ವಿಜೇತರಿಗೆ ಹಂಚುವುದಾದರೆ 12,000, 8,000, 5,000. ಪ್ರತಿಯೊಂದರಲ್ಲೂ ಅರ್ಧ ಆ ದಿನ, ಉಳಿದರ್ಧ ಮೂರು ತಿಂಗಳ ನಂತರ. ಎರಡನೇ ಕಂತಿಗೆ ಲಾಭ ತೋರಿಸಬೇಕಾಗಿಲ್ಲ. ಏನು ಮಾಡಿದೆವು, ಯಾರಿಗೆ ಮಾರಿದೆವು, ಎಲ್ಲಿ ತಪ್ಪಿತು ಎಂದು ನೋಟ್‌ಬುಕ್ಕಿನಲ್ಲಿ ಇದ್ದರೆ ಸಾಕು. ಮೂರು ತಿಂಗಳ ಭೇಟಿಯ ದಿನಾಂಕವನ್ನು ಬಹುಮಾನದ ಪತ್ರದ ಮೇಲೇ ಬರೆಯಿರಿ. ಮಧ್ಯದಲ್ಲಿ ನಿಲ್ಲಿಸಿದ ತಂಡದವರಿಂದಲೂ ಒಂದು ಪುಟ ಬರೆಸಿಕೊಳ್ಳಿ. ಮುಂದಿನ ವರ್ಷ ಅದೇ ಐಡಿಯಾ ಹಿಡಿದು ಬಂದವರಿಗೆ ಮೊದಲು ಕೊಡಬೇಕಾದ ಓದು ಅದು.

ಬೆಲ್ಲದ ತಂಡ ಮರುವರ್ಷ ಮತ್ತೆ ಬಂತು. ಈ ಸಲ ಹುಡುಗರು ದೊಡ್ಡಪ್ಪನ ಆಲೆಮನೆಯಲ್ಲಿ ಮೂರು ವಾರ ಕಳೆದಿದ್ದರು. ಸುಣ್ಣ ಮತ್ತು ಬೆಂಡೆ ಗಿಡದ ಲೋಳೆಯಲ್ಲೇ ಕಬ್ಬಿನ ಹಾಲು ತಿಳಿ ಮಾಡುವ ಹಳೇ ಪದ್ಧತಿಯನ್ನು ಕೂತು ನೋಡಿದ್ದರು. ಕಪ್ಪು ಬೆಲ್ಲಕ್ಕೆ ಬೀಳುವ ದರದ ಅಂತರವನ್ನು ವಾರವಾರ ಬರೆದಿದ್ದರು. ಎಲ್ಲ ಬೆಲ್ಲವನ್ನೂ ಬದಲಾಯಿಸುವ ಮಾತು ಬಿಟ್ಟು, ವಾರಕ್ಕೆ ಒಂದೇ ಅಡುಗೆ, ಅಂದರೆ ಒಂದು ಕೊಪ್ಪರಿಗೆ ಬೆಲ್ಲ, ಹೀಗೆ ಮಾಡಿ, ಆ ಬೆಲ್ಲವನ್ನು ಮೈಸೂರಿನ ಮನೆಗಳಿಗೆ ಮುಂಗಡ ದುಡ್ಡು ಪಡೆದು ಕೊಡುತ್ತೇವೆ ಎಂದರು. ಅಂತರದ ದುಡ್ಡು ಯಾರು ಕೊಡುತ್ತಾರೆ ಎಂಬುದಕ್ಕೆ ಉತ್ತರ ಅವರ ಎರಡನೇ ಸ್ಲೈಡಿನಲ್ಲೇ ಇತ್ತು. ಬಹುಮಾನ ಎರಡನೆಯದು ಬಂತು.

ದೊಡ್ಡಪ್ಪ ಈಗ ನಮ್ಮ ತೀರ್ಪುಗಾರರು. ಅವರ ಸೋದರನ ಮಗ ಓದು ಮುಗಿಸಿ ಹೊರಟ ಮೇಲೆಯೇ ಅವರನ್ನು ಕರೆದೆವು. ನಿಮ್ಮಲ್ಲೂ ಇಂಥವರು ಸಿಗುತ್ತಾರೆ. ಕರೆಯುವಾಗ ಮೇಲ್ ಕಳಿಸಬೇಡಿ, ಒಂದು ಸಲ ಮನೆಗೇ ಹೋಗಿ ಬನ್ನಿ. ಆಮೇಲೆ ಫೋನ್ ಮಾಡುವುದಾದರೆ ಸಂಜೆ ಏಳರ ಮೇಲೆ ಮಾಡಿ. ಅಷ್ಟು ಹೊತ್ತಿಗೆ ಆಲೆಮನೆಯ ಒಲೆ ಆರಿರುತ್ತದೆ.